ವಿಪತ್ತಿನ ದಿನಗಳಲ್ಲಿ ಹವ್ಯಾಸಿ ರೇಡಿಯೋ: ಗುಡ್ಡಗಾಡಿನ ಹಳ್ಳಿಗಳು ಬೇಸಿಗೆಯಲ್ಲೇ ಮಾಡಬೇಕಾದ ಸಿದ್ಧತೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಪುಷ್ಯ, ಆಶ್ಲೇಷ ಮಳೆಗಳು ಬಿಡದೆ ಹಿಡಿದಾಗ ಮೊದಲು ಹೋಗುವುದು ವಿದ್ಯುತ್ತು. ಕೆಲವು ಗಂಟೆಗಳ ತರುವಾಯ ಮೊಬೈಲ್ ಗೋಪುರದ ಬ್ಯಾಟರಿಗಳು ಬರಿದಾಗುತ್ತವೆ. ಗೋಪುರದ ಜನರೇಟರಿಗೆ ಡೀಸೆಲ್ ಒಯ್ಯಬೇಕಾದ ರಸ್ತೆಯ ಮೇಲೆ ಮರವೋ ಧರೆಯೋ ಬಿದ್ದಿರುತ್ತದೆ. ಹಳ್ಳದ ಕಾಲುಸಂಕ ಕೊಚ್ಚಿಹೋಗಿರುತ್ತದೆ. ಹೀಗೆ ಒಂದರ ಹಿಂದೊಂದು ಕೊಂಡಿ ಕಳಚಿ, ಬೆಳಗಾಗುವಷ್ಟರಲ್ಲಿ ಊರೊಂದು ನಡುಗಡ್ಡೆಯಾಗಿಬಿಡುತ್ತದೆ. ಆ ಊರಿನಲ್ಲಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳಿರಬಹುದು, ಹಾವು ಕಚ್ಚಿಸಿಕೊಂಡ ಕೂಲಿಕಾರನಿರಬಹುದು, ಮನೆಯ ಹಿಂದಿನ ಧರೆಯಲ್ಲಿ ಬಿರುಕು ಕಂಡು ರಾತ್ರಿಯಿಡೀ ನಿದ್ದೆಗೆಟ್ಟ ಕುಟುಂಬವಿರಬಹುದು. ತಾಲ್ಲೂಕು ಕೇಂದ್ರದಲ್ಲಿ ಜೀಪು, ಹಗ್ಗ, ದೋಣಿಗಳಿರುತ್ತವೆ. ದುಡಿಯುವ ಮನಸ್ಸುಳ್ಳ ಸಿಬ್ಬಂದಿಯೂ ಇರುತ್ತಾರೆ. ಯಾವ ಊರಿಗೆ ಮೊದಲು ಹೋಗಬೇಕೆಂಬ ಸುದ್ದಿ ಮಾತ್ರ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಡಿಕೇರಿ ತಾಲ್ಲೂಕಿನ ಗುಡ್ಡಗಳು ಜಾರಿದಾಗ ರಸ್ತೆ, ವಿದ್ಯುತ್ತು, ದೂರವಾಣಿ ಮೂರೂ ಒಟ್ಟಿಗೆ ಕಡಿದು, ಜನರು ಎತ್ತರದ ಜಾಗಗಳಲ್ಲಿ ನೆರವಿಗಾಗಿ ಕಾದು ಕುಳಿತದ್ದನ್ನು ಮಲೆನಾಡು ಮರೆತಿಲ್ಲ.

ಸುದ್ದಿಯ ಈ ಕೊರತೆಯನ್ನು ತುಂಬಬಲ್ಲ ಒಂದು ಹಳೆಯ ವಿದ್ಯೆ ಹವ್ಯಾಸಿ ರೇಡಿಯೋ. ಜನರ ಬಾಯಲ್ಲಿ ಅದು ಹ್ಯಾಮ್ ರೇಡಿಯೋ. ಸರ್ಕಾರದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಪರವಾನಗಿ ಪಡೆದು, ಸ್ವಂತ ಖರ್ಚಿನಲ್ಲಿ ಪುಟ್ಟ ನಿಸ್ತಂತು ಕೇಂದ್ರ ಇಟ್ಟುಕೊಂಡವರೇ ಹ್ಯಾಮ್‌ಗಳು. ಇವರು ಇದರಿಂದ ಹಣ ಗಳಿಸುವಂತಿಲ್ಲ. ಪ್ರತಿಯೊಬ್ಬರಿಗೂ ಒಂದು ಕರೆಸಂಕೇತವಿರುತ್ತದೆ. ಭಾರತದವರ ಸಂಕೇತಗಳು ಸಾಮಾನ್ಯವಾಗಿ ವಿಯು ಎಂಬ ಅಕ್ಷರಗಳಿಂದ ಆರಂಭವಾಗುತ್ತವೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ವಿಯು2ಆರ್‌ಜಿ ಎಂಬ ಸಂಕೇತ ಹೊಂದಿದ್ದ ಹ್ಯಾಮ್ ಆಗಿದ್ದರು. ಶಾಂತಿಕಾಲದಲ್ಲಿ ದೂರದೇಶದವರೊಡನೆ ಮಾತನಾಡುವುದು, ಆಂಟೆನಾ ಕಟ್ಟಿ ಪ್ರಯೋಗ ಮಾಡುವುದು ಇವರ ಹವ್ಯಾಸ. ಆಪತ್ಕಾಲದಲ್ಲಿ ಅದೇ ಹವ್ಯಾಸ ಆಡಳಿತಕ್ಕೆ ಕಿವಿಯೂ ಬಾಯಿಯೂ ಆಗಬಲ್ಲದು.

ಅದು ಹೇಗೆಂಬುದನ್ನು ತಿಳಿಯಲು ನಿಜವಾದ ನಡುಗಡ್ಡೆಯೊಂದರ ಕಥೆಯಿಂದಲೇ ಆರಂಭಿಸುವುದು ಒಳ್ಳೆಯದು.

ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಹವ್ಯಾಸಿ ರೇಡಿಯೋ ನಡೆಸಲು ಹಲವು ವರ್ಷಗಳ ಕಾಲ ಅನುಮತಿ ದೊರೆತಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರು ಬಹುಕಾಲ ಪ್ರಯತ್ನಿಸಿ ಅನುಮತಿ ಪಡೆದು, 2004ರ ಡಿಸೆಂಬರಿನಲ್ಲಿ ಸಣ್ಣ ತಂಡದೊಡನೆ ಪೋರ್ಟ್ ಬ್ಲೇರ್‌ಗೆ ಹೋದರು. ವಿಯು4ಆರ್‌ಬಿಐ ಎಂಬ ಅವರ ಸಂಕೇತವನ್ನು ಕೇಳಲು ಪ್ರಪಂಚದ ನಾನಾ ಕಡೆಯ ಹವ್ಯಾಸಿಗಳು ಹಗಲಿರುಳು ಕಾಯುತ್ತಿದ್ದರು. ಡಿಸೆಂಬರ್ 26ರ ಮುಂಜಾನೆ 6 ಗಂಟೆ 29 ನಿಮಿಷಕ್ಕೆ ಸುಮಾತ್ರದ ಬಳಿ ಸಮುದ್ರತಳದಲ್ಲಿ 9.1 ತೀವ್ರತೆಯ ಭೂಕಂಪವಾಯಿತು. ಅದರ ಹಿಂದೆ ಸುನಾಮಿ ಬಂತು. ದೂರವಾಣಿ ನಿಂತಿತು, ವಿದ್ಯುತ್ತು ನಿಂತಿತು. ಹವ್ಯಾಸಕ್ಕೆಂದು ಕಟ್ಟಿದ್ದ ಕೇಂದ್ರ ಅಂದೇ ವಿಪತ್ತಿನ ಕೇಂದ್ರವಾಯಿತು. ಭಾರತಿ ಪ್ರಸಾದ್ ಮತ್ತು ಸಂಗಡಿಗರು ಮುಖ್ಯಭೂಮಿಯ ಹ್ಯಾಮ್‌ಗಳೊಡನೆ ಸಂಪರ್ಕ ಸಾಧಿಸಿ, ಬದುಕುಳಿದವರ ಸುದ್ದಿಯನ್ನು ಅವರ ಮನೆಗಳಿಗೆ ಮುಟ್ಟಿಸುವ ಕೆಲಸಕ್ಕೆ ಕುಳಿತರು. ಬಳಿಕ ಆಡಳಿತದ ಸಮ್ಮತಿಯೊಡನೆ ತಂಡದ ಕೆಲವರು ಉಪಕರಣ ಹೊತ್ತು ಕಾರ್ ನಿಕೋಬಾರ್‌ಗೆ ಹೋದರು. ವಾಯುಪಡೆಯ ನೆಲೆಯೂ ಸೇರಿ ಆ ದ್ವೀಪದ ಕರಾವಳಿ ನೆಲಸಮವಾಗಿತ್ತು. ಅಲ್ಲಿಂದ ಪೋರ್ಟ್ ಬ್ಲೇರ್‌ಗೆ ಮಾತಿನ ದಾರಿ ತೆರೆಯಿತು. ಅದೇ ದಿನಗಳಲ್ಲಿ ಶ್ರೀಲಂಕಾದ ಹಂಬನ್‌ತೋಟದಿಂದ ಕೊಲಂಬೊಗೆ ಅಲ್ಲಿನ ಹವ್ಯಾಸಿಗಳು ಇಂಥದೇ ಕೊಂಡಿಯನ್ನು ಬೆಸೆದರು.

ಈ ಕಥೆಯನ್ನು ಕೇಳಿದವರು ಭಾರತಿ ಪ್ರಸಾದ್ ಅವರ ಧೈರ್ಯವನ್ನು ಕೊಂಡಾಡುತ್ತಾರೆ, ಅದು ಯೋಗ್ಯವೇ. ಆದರೆ ಇದರ ಮುಖ್ಯ ಪಾಠ ಬೇರೆ. ಸುನಾಮಿ ಬಂದ ಮೇಲೆ ಅನುಮತಿ ಕೇಳಿ, ಉಪಕರಣ ಹುಡುಕಿ, ಆಂಟೆನಾ ಕಟ್ಟಲು ಹೊರಟಿದ್ದರೆ ಆ ತಂಡಕ್ಕೆ ಎಷ್ಟು ದಿನ ಬೇಕಾಗುತ್ತಿತ್ತು? ಅಂದು ಪರವಾನಗಿ ಕೈಯಲ್ಲಿತ್ತು. ಆಂಟೆನಾ ಕಟ್ಟಿ ಆಗಿತ್ತು. ಯಾವ ಹೊತ್ತಿಗೆ ಯಾವ ತರಂಗದಲ್ಲಿ ಯಾರು ಸಿಗುತ್ತಾರೆಂಬುದು ಮೂರು ವಾರಗಳ ದಿನನಿತ್ಯದ ಅಭ್ಯಾಸದಿಂದ ತಿಳಿದಿತ್ತು. ಅಲ್ಲಿನ ಅಧಿಕಾರಿಗಳಿಗೆ ಈ ತಂಡದ ಪರಿಚಯವಿತ್ತು. ಅಂಡಮಾನಿಗೆ ಇದು ಒದಗಿದ್ದು ಯೋಗಾಯೋಗದಿಂದ. ಗುಡ್ಡಗಾಡಿನ ಹಳ್ಳಿಗಳು ಯೋಗಾಯೋಗವನ್ನು ನೆಚ್ಚಿ ಕೂರುವಂತಿಲ್ಲ. ಮಳೆಗಾಲದ ಸೌದೆಯನ್ನು ಮಲೆನಾಡಿನ ಯಾವ ಮನೆಯೂ ಆಷಾಢದಲ್ಲಿ ಹುಡುಕಲು ಹೋಗುವುದಿಲ್ಲ. ಬೇಸಿಗೆಯಲ್ಲೇ ಕಡಿದು, ಒಣಗಿಸಿ, ಕೊಟ್ಟಿಗೆಯ ಅಟ್ಟಕ್ಕೆ ಸೇರಿಸಿರುತ್ತದೆ. ಆಪತ್ಕಾಲದ ಸಂಪರ್ಕಕ್ಕೂ ಇದೇ ನಿಯಮ.

ಗುಡ್ಡಗಳಿರುವ ನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಬಡಿದಾಗ ಅಲ್ಲಿನ ಮೊಬೈಲ್ ಕೇಂದ್ರಗಳಲ್ಲಿ ನೂರಕ್ಕೆ ಸುಮಾರು 95 ಕೆಲಸ ನಿಲ್ಲಿಸಿದವು. ಆ ದ್ವೀಪದ ನಡುಭಾಗವೂ ಕಾಫಿ ಬೆಳೆಯುವ ಗುಡ್ಡಗಾಡು. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆ ಆ ದೇಶದ ಹವ್ಯಾಸಿಗಳ ಸಂಘವನ್ನು ಸ್ವಯಂಸೇವಕರಿಗಾಗಿ ಕೇಳಿಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ಹ್ಯಾಮ್‌ಗಳು ಅಲ್ಲಿಗೆ ಹೋಗಿ, ಸ್ಥಳೀಯ ಹ್ಯಾಮ್‌ಗಳೊಡನೆ ಸೇರಿ ದುಡಿದರು. ಒಂದು ಸಂಸ್ಥೆ ಕೇಳಿಕೊಂಡಿತು, ಇನ್ನೊಂದು ಸಂಸ್ಥೆ ತರಬೇತಿ ಪಡೆದವರನ್ನು ಕಳುಹಿಸಿತು. ಹಾಗೆ ಕೇಳಲು ಮೊದಲೇ ಪರಿಚಯವಿರಬೇಕಾಗುತ್ತದೆ.

ನೇಪಾಳದ ಪಾಠ ಇನ್ನೂ ಹತ್ತಿರದ್ದು. ಆ ದೇಶಕ್ಕೆ ಹವ್ಯಾಸಿ ರೇಡಿಯೋವನ್ನು ಪರಿಚಯಿಸಿದವರು ಶಾಲೆ ನಡೆಸಲು ಬಂದಿದ್ದ ಫಾದರ್ ಮೋರನ್ ಎಂಬ ಜೆಸ್ಯೂಟ್ ಪಾದ್ರಿ. 9ಎನ್1ಎಂಎಂ ಎಂಬ ಅವರ ಸಂಕೇತ ಜಗತ್ತಿನ ಹವ್ಯಾಸಿಗಳಿಗೆಲ್ಲ ಪರಿಚಿತವಾಗಿತ್ತು. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ ಬೆಟ್ಟದ ಹಳ್ಳಿಗಳನ್ನು ಕೆಡವಿದಾಗ ಅಲ್ಲಿನ ಹ್ಯಾಮ್‌ಗಳು ಸೌರಫಲಕ, ಬ್ಯಾಟರಿಗಳ ಬಲದಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು. ಭಾರತದ ಹ್ಯಾಮ್‌ಗಳು ಅವುಗಳನ್ನು ಕೇಳಿ ಮುಂದಕ್ಕೆ ದಾಟಿಸಿದರು. ಆದರೆ ಇಡೀ ದೇಶದಲ್ಲಿ ಪರವಾನಗಿ ಇದ್ದವರ ಸಂಖ್ಯೆಯೇ ತೀರ ಕಡಿಮೆ. ಕಣಿವೆಗೊಬ್ಬರಂತೆ ಹ್ಯಾಮ್‌ಗಳು ಇರಲಿಲ್ಲ. ವಿದ್ಯೆ ರಾಜಧಾನಿಯಲ್ಲಿದ್ದು ವಿಪತ್ತು ಹಳ್ಳಿಯಲ್ಲಾದರೆ ಹಳ್ಳಿಗೆ ಅದರ ಪ್ರಯೋಜನ ತಡವಾಗಿ ಸಿಗುತ್ತದೆ.

ಸಹ್ಯಾದ್ರಿಯಲ್ಲೇ ನಡೆದ ಘಟನೆಯನ್ನೂ ನೋಡಬಹುದು. 2024ರ ಜುಲೈ 30ರ ನಡುರಾತ್ರಿಯ ನಂತರ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶದಲ್ಲಿ ಗುಡ್ಡ ಜಾರಿ 200ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಮೈಸೂರು ಸೀಮೆಗೆ ಹರಿದುಬರುವ ಕಪಿಲೆ, ಅಂದರೆ ಕಬಿನಿ, ಹುಟ್ಟುವ ಜಿಲ್ಲೆ ಅದು. ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿ ಆಚೆ ದಡದವರು ಸಿಕ್ಕಿಕೊಂಡರು. ಬೆಂಗಳೂರಿನಿಂದ ಹೋದ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರೊಳಗೆ ಕಟ್ಟಿ ಮುಗಿಸಿದ್ದು ಎಲ್ಲರಿಗೂ ಗೊತ್ತಿದೆ. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಸೇತುವೆಯೂ ಅಲ್ಲಿತ್ತು. ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯ ನೆಲ ಅಂತಸ್ತಿನಲ್ಲಿ ಹ್ಯಾಮ್‌ಗಳು ಕೇಂದ್ರ ಸ್ಥಾಪಿಸಿ, ಗುಡ್ಡ ಜಾರಿದ ಸ್ಥಳದಲ್ಲಿದ್ದ ಸಂಗಡಿಗರ ವರದಿಗಳನ್ನು ಆಡಳಿತಕ್ಕೆ ಒಪ್ಪಿಸಿದರು. ಅಂಬಲವಯಲ್‌ನ ಎತ್ತರದಲ್ಲಿ ಅಲ್ಲಿನ ಹವ್ಯಾಸಿಗಳು ಮೊದಲೇ ಕಟ್ಟಿಕೊಂಡಿದ್ದ ರಿಪೀಟರ್ ಈ ಸಂಪರ್ಕಕ್ಕೆ ಆಧಾರವಾಯಿತು. ಮೊದಲೇ ಕಟ್ಟಿಕೊಂಡಿದ್ದರೆಂಬುದನ್ನು ಇಲ್ಲಿಯೂ ಗಮನಿಸಬೇಕು.

ಈ ರಿಪೀಟರ್ ಎಂದರೇನು? ವಿದ್ಯಾರ್ಥಿಗಳಿಗೆ ಇದರ ವಿಜ್ಞಾನ ತಿಳಿದಿರಬೇಕು. ಕೈಯಲ್ಲಿ ಹಿಡಿಯುವ ಹ್ಯಾಮ್ ಸೆಟ್‌ಗಳು ಸಾಮಾನ್ಯವಾಗಿ 144ರಿಂದ 146 ಮೆಗಾಹರ್ಟ್ಸ್ ಕಂಪನಾಂಕದಲ್ಲಿ, 5 ವಾಟ್ ಆಸುಪಾಸಿನ ಶಕ್ತಿಯಲ್ಲಿ ಕೆಲಸ ಮಾಡುತ್ತವೆ. ಈ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬಯಲುಸೀಮೆಯಲ್ಲಿ ಹಲವು ಕಿಲೊಮೀಟರ್ ದಾಟುವ ಸೆಟ್ಟು ಮಲೆನಾಡಿನ ಕಣಿವೆಯಲ್ಲಿ ಪಕ್ಕದ ಕೇರಿಗೂ ಕೇಳದೆ ಹೋಗಬಹುದು. ಆದ್ದರಿಂದ ಎತ್ತರದ ಸ್ಥಳವೊಂದರಲ್ಲಿ, ಒಂದು ಕಂಪನಾಂಕದಲ್ಲಿ ಕೇಳಿಸಿಕೊಂಡದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದು ಕಂಪನಾಂಕದಲ್ಲಿ ಹೆಚ್ಚಿನ ಶಕ್ತಿಯಿಂದ ಮರಳಿ ಕಳುಹಿಸುವ ಯಂತ್ರವನ್ನು ಇಡುತ್ತಾರೆ. ಅದೇ ರಿಪೀಟರ್. ಈ ಗುಡ್ಡದವನ ಕೂಗನ್ನು ನೆತ್ತಿಯ ಮೇಲಿರುವವನು ಕೇಳಿ ಆಚೆ ಕಣಿವೆಯವನಿಗೆ ಕೂಗಿ ಹೇಳುವ ಹಾಗೆ.

ರಿಪೀಟರೂ ಕೆಟ್ಟರೆ ಏನು ಗತಿ? ಅದಕ್ಕೆ ಇನ್ನೊಂದು ದಾರಿಯಿದೆ. 7 ಮೆಗಾಹರ್ಟ್ಸ್ ಸುತ್ತಮುತ್ತಲಿನ ಕಿರುತರಂಗಗಳನ್ನು ನೆಟ್ಟಗೆ ಆಕಾಶಕ್ಕೆ ಕಳುಹಿಸಿದರೆ, ನೂರಾರು ಕಿಲೊಮೀಟರ್ ಎತ್ತರದಲ್ಲಿರುವ ಅಯಾನುಗೋಳವೆಂಬ ಪದರ ಅವುಗಳನ್ನು ಭೂಮಿಗೆ ಹಿಂದಿರುಗಿಸುತ್ತದೆ. ಅಡಿಕೆ ತೋಟದ ಸ್ಪ್ರಿಂಕ್ಲರಿನ ನೀರು ಮೇಲೆ ಚಿಮ್ಮಿ ಸುತ್ತಲೂ ಬೀಳುವಂತೆ, ಆ ಮಾತು ಗುಡ್ಡ ಕಣಿವೆಗಳೆನ್ನದೆ ಕೆಲವು ನೂರು ಕಿಲೊಮೀಟರ್ ವಿಸ್ತಾರದಲ್ಲಿ ಮೇಲಿನಿಂದ ಇಳಿಯುತ್ತದೆ. ರಾತ್ರಿಯ ಹೊತ್ತು 7ಕ್ಕಿಂತ 3.5 ಮೆಗಾಹರ್ಟ್ಸ್ ಬಳಿಯ ತರಂಗಗಳು ಇದಕ್ಕೆ ಹೆಚ್ಚು ಒದಗುತ್ತವೆ. 7.1 ಮೆಗಾಹರ್ಟ್ಸ್‌ಗೆ ಬೇಕಾಗುವ ಅರ್ಧತರಂಗ ಆಂಟೆನಾ ಎಂದರೆ ಸುಮಾರು 20 ಮೀಟರ್ ಉದ್ದದ ತಾಮ್ರದ ತಂತಿ. ನಡುವೆ ಕತ್ತರಿಸಿ ಕೇಬಲ್ ಜೋಡಿಸಿ, ತುದಿಗಳಿಗೆ ಅವಾಹಕ ಕಟ್ಟಿ, ಎರಡು ಅಡಿಕೆ ಮರಗಳ ನಡುವೆ ಎಳೆದರೆ ಸಾಕು. ಈ ಕೆಲಸಕ್ಕೆ ಗೋಪುರ ಬೇಕಿಲ್ಲ. ನಾಲ್ಕೈದು ಮೀಟರ್ ಎತ್ತರವಿದ್ದರೂ ನಡೆಯುತ್ತದೆ. ಶಕ್ತಿಗೆ ಜೀಪಿನದೋ ಟ್ರ್ಯಾಕ್ಟರಿನದೋ 12 ವೋಲ್ಟ್ ಬ್ಯಾಟರಿ ಆದೀತು.

ಆದರೆ ಯಂತ್ರ ಅರ್ಧ ಕೆಲಸ ಮಾತ್ರ. ಉಳಿದರ್ಧ ಮಾತಿನ ಶಿಸ್ತು. "ಇಲ್ಲಿ ತುಂಬ ತೊಂದರೆಯಾಗಿದೆ, ಬೇಗ ಬನ್ನಿ" ಎಂಬ ಕೂಗಿನಿಂದ ತಹಶೀಲ್ದಾರರು ಏನನ್ನೂ ನಿರ್ಧರಿಸಲಾರರು. ತರಬೇತಿ ಪಡೆದ ಸ್ವಯಂಸೇವಕ ಹೀಗೆ ಹೇಳುತ್ತಾನೆ: "ಸಂದೇಶ ಸಂಖ್ಯೆ 3. ತುರ್ತು. ಬೆಳಿಗ್ಗೆ 6 ಗಂಟೆ 40 ನಿಮಿಷ. ಶಾಲೆಯಲ್ಲಿ 34 ಜನರಿದ್ದಾರೆ. ನಡೆಯಲಾಗದ ವೃದ್ಧರು ಇಬ್ಬರು. ಒಬ್ಬರ ಇನ್ಸುಲಿನ್ ಇಂದು ಸಂಜೆಗೆ ಮುಗಿಯುತ್ತದೆ. ರಸ್ತೆ ಮುಚ್ಚಿದೆ, ಹಳ್ಳದ ಮೇಲ್ದಂಡೆಯ ಕಾಲುದಾರಿ ತೆರೆದಿದೆ. ಅಕ್ಕಿ ಎರಡು ದಿನಕ್ಕೆ ಸಾಕು." ಈ ಸಂದೇಶ ಸಿಕ್ಕ ಅಧಿಕಾರಿ ಅಕ್ಕಿ ಮೂಟೆಯನ್ನು ಇನ್ನೊಂದು ಊರಿಗೆ ಕಳುಹಿಸಿ, ಇಲ್ಲಿಗೆ ಔಷಧಿಯೊಡನೆ ಇಬ್ಬರನ್ನು ಕಾಲುದಾರಿಯಲ್ಲಿ ಕಳುಹಿಸಬಲ್ಲರು. ಒಂದು ಸರಿಯಾದ ವಾಕ್ಯ ಒಂದು ಜೀಪಿನ ವ್ಯರ್ಥ ಓಡಾಟವನ್ನು ತಪ್ಪಿಸುತ್ತದೆ.

ಇದಕ್ಕೆ ಹ್ಯಾಮ್‌ಗಳು ಕೆಲವು ರೂಢಿಗಳನ್ನು ಪಾಲಿಸುತ್ತಾರೆ. ಒಂದು ಕೇಂದ್ರ ಎಲ್ಲರನ್ನೂ ನಿಯಂತ್ರಿಸುತ್ತದೆ. ಅದು ಕರೆದಾಗ ಮಾತ್ರ ಉಳಿದವರು ಮಾತನಾಡುತ್ತಾರೆ. ಸಂದೇಶವನ್ನು ಬರೆದುಕೊಂಡು ಓದುತ್ತಾರೆ. ಕೇಳಿದವರು ಮರಳಿ ಓದಿ ಒಪ್ಪಿಸುತ್ತಾರೆ. ಹೆಸರುಗಳನ್ನು ಅಕ್ಷರ ಬಿಡಿಸಿ, ಸಂಖ್ಯೆಗಳನ್ನು ಅಂಕಿ ಬಿಡಿಸಿ ಹೇಳುತ್ತಾರೆ. ಗದ್ದಲದ ನಡುವೆ ಕನ್ನಡದ "ಇಪ್ಪತ್ತು", "ಎಪ್ಪತ್ತು" ಒಂದೇ ತೆರನಾಗಿ ಕೇಳುತ್ತವೆ. "ಎರಡು ಸೊನ್ನೆ", "ಏಳು ಸೊನ್ನೆ" ಎಂದರೆ ತಪ್ಪುವುದಿಲ್ಲ. ಕಣ್ಣಿಂದ ಕಂಡದ್ದನ್ನೂ ಕಿವಿಯಿಂದ ಕೇಳಿದ್ದನ್ನೂ ಬೇರೆಬೇರೆಯಾಗಿ ಹೇಳುತ್ತಾರೆ. ಹ್ಯಾಮ್ ಮಾತು ಗುಪ್ತವಲ್ಲ, ಯಾರು ಬೇಕಾದರೂ ಕೇಳಬಹುದು. ಆದ್ದರಿಂದ ಮೃತರ ಹೆಸರನ್ನು ಅದರಲ್ಲಿ ಸಾರುವುದಿಲ್ಲ. ಮನೆಯವರಿಗೆ ಅದು ಆಕಾಶದಿಂದ ತಿಳಿಯಬಾರದು.

ಸ್ವಯಂಸೇವಕನ ಸ್ಥಾನ ಯಾವುದೆಂಬುದೂ ಸ್ಪಷ್ಟವಿರಬೇಕು. ಆತ ಅಧಿಕಾರಿಯಲ್ಲ, ರಕ್ಷಣಾದಳದವನಲ್ಲ, ಪತ್ರಕರ್ತನೂ ಅಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ್ದು. ಹ್ಯಾಮ್‌ಗಳು ಬೇರೆಯವರ ಸಂದೇಶ ಸಾಗಿಸುವುದನ್ನು ಸಾಮಾನ್ಯ ದಿನಗಳಲ್ಲಿ ನಿಯಮಗಳು ಒಪ್ಪುವುದಿಲ್ಲ. ನೈಸರ್ಗಿಕ ವಿಪತ್ತಿನಲ್ಲಿ ಸಂಪರ್ಕ ಕಡಿದಾಗ ಅಧಿಕಾರಿಗಳ ಸಂದೇಶಗಳನ್ನು ಸಾಗಿಸಲು ಅವಕಾಶವಿದೆ. ಪೊಲೀಸರಿಗೂ ಅರಣ್ಯ ಇಲಾಖೆಗೂ ತಮ್ಮವೇ ವೈರ್‌ಲೆಸ್‌ಗಳಿವೆ. ಅವು ತಲುಪದ ಊರಿನಿಂದ ಸುದ್ದಿ ತರುವುದು, ಒಂದು ಇಲಾಖೆಯ ಮಾತನ್ನು ಇನ್ನೊಂದಕ್ಕೆ ದಾಟಿಸುವುದು ಹ್ಯಾಮ್‌ಗಳ ಪಾಲಿನ ಕೆಲಸ. ಪೇಟೆಯಲ್ಲಿ ಅಗ್ಗದ ಸೆಟ್ಟು ಕೊಂಡು ಪರವಾನಗಿಯಿಲ್ಲದೆ ಮಾತನಾಡುವುದು ಅಪರಾಧ. ಅಷ್ಟೇ ಅಲ್ಲ, ಅಂಥವನು ಆಪತ್ತಿನ ಹೊತ್ತಿಗೆ ರಕ್ಷಣಾ ಕಾರ್ಯದ ಮಾತಿಗೇ ಅಡ್ಡಬರುತ್ತಾನೆ.

ಹಳ್ಳಿಯವರು ಆಡಳಿತಕ್ಕೆ ಕೊಡಬಲ್ಲ ಅಮೂಲ್ಯವಾದ ಸುದ್ದಿ ಇನ್ನೊಂದಿದೆ. ಅದು ಅನಾಹುತಕ್ಕೆ ಮುಂಚಿನ ಸುದ್ದಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನಿರಿಸಿದೆ; ಅದು ದೊಡ್ಡ ಸಾಧನೆ. ಆದರೆ ಆ ಯಂತ್ರಗಳೂ ಮೊಬೈಲ್ ಜಾಲವನ್ನೇ ನೆಚ್ಚಿವೆ. ಜಾಲ ಬಿದ್ದ ರಾತ್ರಿಯೇ ಮಳೆಯ ಲೆಕ್ಕ ಹೆಚ್ಚು ಬೇಕಾಗುತ್ತದೆ. ನೆಟ್ಟನೆಯ ಗೋಡೆಯ ಡಬ್ಬಿ, ಒಂದು ಅಳತೆಪಟ್ಟಿ ಇದ್ದರೆ ಯಾವ ವಿದ್ಯಾರ್ಥಿಯೂ ಮಳೆ ಅಳೆಯಬಲ್ಲ. 100 ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆ ಇಳಿಜಾರಿನ ಮೇಲೆ ಸುಮಾರು 4 ಲಕ್ಷ ಲೀಟರ್ ನೀರು. ಇದರೊಡನೆ, ತೋಟದ ಮೇಲಿನ ಗುಡ್ಡದಲ್ಲಿ ಹೊಸ ಬಿರುಕು, ವಾಲಿದ ಮರಗಳು, ತಿಳಿಯಾಗಿ ಬರುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ತುಂಬಿ ಹರಿಯುತ್ತಿದ್ದ ಹಳ್ಳ ಮಳೆಯ ನಡುವೆಯೇ ಬತ್ತಿದಂತಾಗುವುದು, ಇವು ಗುಡ್ಡ ಜಾರುವ ಮುನ್ಸೂಚನೆಗಳಾಗಿರಬಹುದು. ಇವನ್ನು ಮೊದಲು ಕಾಣುವವರು ಉಪಗ್ರಹದವರಲ್ಲ, ಅಬ್ಬಿ ನೀರು ಹಿಡಿಯಲು ಹೋದ ಮನೆಯವರು. ಆದರೆ ಮನೆ ಬಿಟ್ಟು ಎತ್ತರದ, ಭದ್ರವಾದ ಜಾಗಕ್ಕೆ ಹೋಗುವುದು ಮೊದಲ ಕೆಲಸ, ರೇಡಿಯೋ ಎರಡನೆಯದು.

ರೇಡಿಯೋ ಗುಡ್ಡವನ್ನು ಹಿಡಿದು ನಿಲ್ಲಿಸಲಾರದು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಇಳಿಜಾರನ್ನು ಲಂಬವಾಗಿ ಕಡಿದು ರಸ್ತೆ ಅಗಲಿಸುವುದು, ಹಳ್ಳದ ಜಾಡಿನಲ್ಲಿ ಕಟ್ಟಡ ಎಬ್ಬಿಸುವುದು, ನೀರು ಬಸಿಯುವ ದಾರಿಗಳನ್ನು ಮುಚ್ಚುವುದು ಹೀಗೇ ಮುಂದುವರಿದರೆ ಸಂಪರ್ಕ ವ್ಯವಸ್ಥೆ ಸಾವಿನ ಸುದ್ದಿಯನ್ನು ಬೇಗ ಮುಟ್ಟಿಸುವ ಸಾಧನ ಮಾತ್ರವಾದೀತು. ರಿಪೀಟರಿನ ನೆಪದಲ್ಲಿ ಶೋಲಾ ಕಾಡಿನ ನೆತ್ತಿಗೆ ಹೊಸ ರಸ್ತೆ ಕಡಿಯುವುದೂ ಬೇಡ. ಈಗಾಗಲೇ ಇರುವ ಕಟ್ಟಡ, ಗೋಪುರಗಳಲ್ಲೇ ಅದಕ್ಕೆ ಜಾಗ ಸಿಗುತ್ತದೆ.

ಹಾಗಾದರೆ ಹಳ್ಳಿಗಳು ಮಾಡಬೇಕಾದದ್ದೇನು? ಕಣಿವೆಗೆ ಕನಿಷ್ಠ ಇಬ್ಬರು ಪರವಾನಗಿ ಪಡೆಯಬೇಕು. ಒಬ್ಬರು ಊರಿನಲ್ಲಿಲ್ಲದಿದ್ದರೆ ಇನ್ನೊಬ್ಬರು ಇರಬೇಕು. ಪರೀಕ್ಷೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗ ನಡೆಸುತ್ತ ಬಂದಿದೆ. 12 ವರ್ಷ ತುಂಬಿದವರೂ ಕೂರಬಹುದೆಂಬ ನಿಯಮ ಬಂದ ಮೇಲೆ ಹೈಸ್ಕೂಲು ಮಕ್ಕಳಿಗೂ ಬಾಗಿಲು ತೆರೆದಿದೆ. ಮೋರ್ಸ್ ಸಂಕೇತ ಕಲಿಯಬೇಕೆಂಬ ಕಡ್ಡಾಯವಿಲ್ಲದ ದರ್ಜೆಯೂ ಇದೆ; ವಿದ್ಯುತ್ತಿನ ಮೂಲಪಾಠ, ರೇಡಿಯೋದ ನಿಯಮಗಳು ಗೊತ್ತಿರಬೇಕು. ಕಲಿಯಬಯಸುವವರಿಗೆ ಬೆಂಗಳೂರಿನಲ್ಲಿ 1959ರಿಂದ ಹವ್ಯಾಸಿಗಳ ಕ್ಲಬ್ಬಿದೆ, ಭಾರತೀಯ ಹ್ಯಾಮ್‌ಗಳ ಸಂಸ್ಥೆಯಿದೆ. ಮಂಗಳೂರಿನಲ್ಲಿಯೂ ಹವ್ಯಾಸಿಗಳ ಬಳಗವಿದೆ. ಪರವಾನಗಿ ಬಂದ ಬಳಿಕ ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಮಾತನಾಡಿ, ಯಾವ ಮನೆಯ ಅಂಗಳದಿಂದ ಮಾತು ಹೋಗುತ್ತದೆ, ಯಾವ ತಿರುವಿನಲ್ಲಿ ಸಾಯುತ್ತದೆ ಎಂಬುದನ್ನು ಬರೆದಿಡಬೇಕು. ಆ ಪಟ್ಟಿಯೊಡನೆ ಗ್ರಾಮ ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಹೋಗಿ ಪರಿಚಯ ಮಾಡಿಕೊಳ್ಳಬೇಕು. ಮುಂಗಾರಿಗೆ ಮುನ್ನ ಒಂದು ಭಾನುವಾರ ಮೊಬೈಲ್‌ಗಳನ್ನು ಆರಿಸಿಟ್ಟು, ಊರಿನಿಂದ ತಾಲ್ಲೂಕಿಗೆ ಹತ್ತು ಸಂದೇಶಗಳನ್ನು ಸಾಗಿಸಿ, ಎಷ್ಟು ಸರಿಯಾಗಿ ಮುಟ್ಟಿದವೆಂದು ತಾಳೆ ನೋಡಬೇಕು. ಮೊದಲ ಸಲ ಹತ್ತರಲ್ಲಿ ನಾಲ್ಕು ಕೆಡಬಹುದು. ಅವು ಏಪ್ರಿಲ್ ತಿಂಗಳಲ್ಲಿ ಕೆಟ್ಟರೆ ಯಾರಿಗೂ ನಷ್ಟವಿಲ್ಲ.

ಆಡಳಿತದ ಕಡೆಯಿಂದಲೂ ಒಂದು ಹೆಜ್ಜೆ ಬೇಕು. ಜಿಲ್ಲೆಯ ವಿಪತ್ತು ಯೋಜನೆಯಲ್ಲಿ ಹ್ಯಾಮ್‌ಗಳ ಹೆಸರು, ಸಂಕೇತ, ಊರು ದಾಖಲಾಗಿರಬೇಕು. ನಿಯಂತ್ರಣ ಕೊಠಡಿಯಲ್ಲಿ ಅವರಿಗೊಂದು ಮೇಜು, ಮಾಡಿನ ಮೇಲೆ ಆಂಟೆನಾ ಕಟ್ಟಲು ಜಾಗ ಮೊದಲೇ ಗೊತ್ತಾಗಿರಬೇಕು. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಬರಹದಲ್ಲಿದ್ದದ್ದು ಉಳಿಯುತ್ತದೆ.

ಹಿಂದೆ ಮಲೆನಾಡಿನಲ್ಲಿ ಒಂಟಿಮನೆಗಳವರು ಕತ್ತಲಾದ ಮೇಲೆ ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕಿ ಕ್ಷೇಮ ಕೇಳುತ್ತಿದ್ದರು. ಕೂ ಕೇಳಿದವರು ಮರುಕೂ ಹಾಕಲೇಬೇಕೆಂಬುದು ಅಂದಿನ ನೆರೆಹೊರೆಯ ಧರ್ಮವಾಗಿತ್ತು. ಇಂದು ಕೂಗು ಗಟ್ಟಿಯಾಗಿ ಕೇಳುವಂತೆ ಮಾಡಲು ಒಂದು ತಂತಿ, ಒಂದು ಬ್ಯಾಟರಿ, ಒಂದು ಪರವಾನಗಿ ಸಾಕು. ಮರುಕೂ ಹಾಕುವವರನ್ನು ಮಾತ್ರ ಊರೇ ಬೆಳೆಸಬೇಕು. ಈ ಸಭೆಯಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ನಾಲ್ವರು ಬರುವ ಬೇಸಿಗೆಯೊಳಗೆ ಪರೀಕ್ಷೆಗೆ ಕುಳಿತರೂ ಈ ಮಾತು ಸಾರ್ಥಕವಾದಂತೆ.